ರೂಟ್ ಪ್ರಾಂಪ್ಟ್ ಮಹಾಸ್ವಾಮಿಗಳ ಸನ್ನಿಧಾನಕ್ಕೊಂದು ಬಿನ್ನಹ

ಲಿನಕ್ಸ್ ಸಂಸ್ಥಾನದ ಸರ್ವಾಧಿಕಾರಿಗಳೂ, ಕಪ್ಪು ಪರದೆಯ ಮೇಲೆ # ಎಂಬ ಒಂದೇ ಚಿಹ್ನೆಯಿಂದ ಶೋಭಿಸುವವರೂ ಆದ ರೂಟ್ ಪ್ರಾಂಪ್ಟ್ ಮಹಾಸ್ವಾಮಿಗಳಿಗೆ, ಬೆಂಗಳೂರಿನ ರಾತ್ರಿಪಾಳಿಯ ಸಿಸ್ಟಂ ಅಡ್ಮಿನ್ ಒಬ್ಬನ ಸಾಷ್ಟಾಂಗ ನಮಸ್ಕಾರಗಳು.

ಉಭಯಕುಶಲೋಪರಿ. ಇತ್ತ ಕ್ಷೇಮ. ಅತ್ತ ತಮ್ಮ ಕ್ಷೇಮಕ್ಕೆ ಆಗಾಗ ಬರೆಯುತ್ತಿರಿ ಎಂದು ಕೇಳಲು ಧೈರ್ಯ ಸಾಲದು. ಕ್ಷೇಮವಿದ್ದಾಗ ತಾವು ಬಾಯಿ ಬಿಡುವುದೇ ಇಲ್ಲವಲ್ಲ! ಅರ್ಧ ಟೆರಾಬೈಟ್ ಫೈಲುಗಳನ್ನು ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ಸಾಗಿಸಿ ಮುಗಿಸಿದರೂ ‘ಆಯ್ತಪ್ಪಾ’ ಎಂಬ ಒಂದು ಮಾತಿಲ್ಲ. ಮುಂದಿನ ಸಾಲಿಗಿಳಿದು ಮಿಣುಕುತ್ತ ಕೂರುತ್ತೀರಿ. ಈ ಮೌನವ್ರತ ತಮಗೆ ಹಿರಿಯರಿಂದ ಬಂದದ್ದೆಂದು ಬಲ್ಲೆ. 1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್ ಹುಟ್ಟಿದಾಗ ಟೆಲಿಟೈಪ್ ಯಂತ್ರ ಸೆಕೆಂಡಿಗೆ 10 ಅಕ್ಷರದಂತೆ ಕಾಗದದ ಮೇಲೆ ಕುಟ್ಟುತ್ತಿತ್ತು. ಅಲ್ಲಿ ಕಡಿಮೆ ಮಾತಾಡುವುದು ಉಪಕಾರವೇ. ಇವತ್ತಿಗೂ ಅದೇ ಮಿತವ್ಯಯ ಪಾಲಿಸುತ್ತಿರುವ ತಮ್ಮ ಕುಲನಿಷ್ಠೆಗೆ ನಮೋ ನಮಃ.

ತಮ್ಮ ದ್ವಾರಪಾಲಕರಾದ ಸುಡೊ ಅವರಿಗೂ ನಮಸ್ಕಾರ ತಿಳಿಸಿ. 1980ರ ಸುಮಾರಿಗೆ ಅಮೆರಿಕದ ಬಫಲೋ ವಿಶ್ವವಿದ್ಯಾಲಯದಲ್ಲಿ ಜನಿಸಿದ ಹಿರಿಯರು. ಮೊದಲ ಸಲ ಬಾಗಿಲಿಗೆ ಹೋದವರಿಗೆ ಪರರ ಖಾಸಗಿತನ ಗೌರವಿಸು, ಒತ್ತುವ ಮುನ್ನ ಯೋಚಿಸು ಎಂದು ಉಪದೇಶ ಮಾಡಿ, ಆಮೇಲೆ ಪಾಸ್‌ವರ್ಡ್ ಕೇಳುತ್ತಾರೆ. ಟೈಪ್ ಮಾಡಿದರೆ ಸಾಮಾನ್ಯವಾಗಿ ಪರದೆಯ ಮೇಲೆ ಒಂದು ಚುಕ್ಕೆಯೂ ಮೂಡುವುದಿಲ್ಲ. ಕೀಬೋರ್ಡ್ ಕೆಟ್ಟಿದೆಯೆಂದು ಹೊಸಬರು ಕೇಬಲ್ ಕಿತ್ತು ಮತ್ತೆ ಸಿಕ್ಕಿಸುತ್ತಾರೆ. ಅನುಮತಿ ಪಡೆದವರ ಪಟ್ಟಿಯಲ್ಲಿ ಹೆಸರಿಲ್ಲದಿದ್ದರಂತೂ ಈ ಘಟನೆಯ ವರದಿ ಹೋಗುತ್ತದೆಂಬ ಎಚ್ಚರಿಕೆ. ಮೊನ್ನೆ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಅದನ್ನು ಓದಿ ಮುಖ ಸಣ್ಣದು ಮಾಡಿಕೊಂಡು ಬಂದಳು: ‘ಸರ್, ನನ್ನ ಮೇಲೆ ಕಂಪ್ಲೇಂಟ್ ಹೋಗಿಬಿಡ್ತಾ?’ ಹೋಗಿದೆಯಮ್ಮ, ರೂಟ್ ಹೆಸರಿನ ಅಂಚೆಪೆಟ್ಟಿಗೆಗೆ. ಅದನ್ನು ತೆರೆದು ಓದಬೇಕಾದ ಅಧಿಕಾರಿ ನಾನೇ. ನನಗೆ ಪುರುಸೊತ್ತಿಲ್ಲ.

ಇವೆಲ್ಲ ಚಿಲ್ಲರೆ ವಿಷಯ. ತಮ್ಮ ವಿಧೇಯತೆಯ ಬಗ್ಗೆ ನಾಲ್ಕು ಮಾತು ಹೇಳದಿದ್ದರೆ ಮನಸ್ಸಿಗೆ ಸಮಾಧಾನವಿಲ್ಲ.

ಹಿಂದೆ ನಮ್ಮ ಪಾಳಿಯಲ್ಲಿದ್ದ ಗೆಳೆಯನೊಬ್ಬ ಹಳೆಯ ಲಾಗ್ ಫೈಲುಗಳನ್ನಷ್ಟೇ ಅಳಿಸಹೊರಟ. ಅಳಿಸುವ ಆಜ್ಞೆಯಾದ ಆರ್‌ಎಮ್ ಬರೆದು, ನಕ್ಷತ್ರ ಚಿಹ್ನೆ ಹಾಕಿ, ಅದಕ್ಕಂಟಿಕೊಂಡೇ ‘.ಲಾಗ್’ ಬರೆಯಬೇಕಿತ್ತು. ನಡುವೆ ಹೆಬ್ಬೆರಳು ಸ್ಪೇಸ್ ಬಾರಿಗೆ ತಾಗಿತು. ನಕ್ಷತ್ರ ಒಂಟಿಯಾಗಿ ಕಂಡದ್ದೇ ತಡ, ತಮ್ಮ ಶೆಲ್ಲು ಆ ಡೈರೆಕ್ಟರಿಯ ಅಷ್ಟೂ ಫೈಲುಗಳ ಹೆಸರು ಬರೆದು ಪಟ್ಟಿಯನ್ನು ಆರ್‌ಎಮ್ ಕೈಗೊಪ್ಪಿಸಿತು. ಆರ್‌ಎಮ್ ಒಂದನ್ನೂ ಬಿಡದೆ ಅಳಿಸಿತು. ಪಟ್ಟಿಯ ಕೊನೆಗೆ ಉಳಿದದ್ದು ‘.ಲಾಗ್’. ಆಗ ತಾವು ಮೌನ ಮುರಿದು ಅಪ್ಪಣೆ ಕೊಡಿಸಿದ್ದೇನು? ‘.ಲಾಗ್’ ಎಂಬ ಫೈಲು ಇಲ್ಲವಂತೆ! ಮಿಕ್ಕವೆಲ್ಲ ಸಿಕ್ಕಿದ್ದವು, ಆದ್ದರಿಂದ ಅವುಗಳ ಸುದ್ದಿ ಎತ್ತಲಿಲ್ಲ. ಇಂಥ ಸತ್ಯಸಂಧತೆ ಎಲ್ಲಿ ಸಿಕ್ಕೀತು!

ತಮಗೆ ದಯೆಯೇ ಇಲ್ಲವೆಂದು ನಾನು ಹೇಳಲಾರೆ. ಇಡೀ ವ್ಯವಸ್ಥೆಗೆ ತಾಯಿಬೇರಾದ ಓರೆಗೆರೆಯನ್ನೇ (/) ಅಳಿಸು ಎಂದರೆ, ಎಷ್ಟೋ ವರ್ಷಗಳಿಂದ ಆಗುವುದಿಲ್ಲ ಎನ್ನುತ್ತ ಬಂದಿದ್ದೀರಿ. ಅದೇ ಓರೆಗೆರೆಯ ಪಕ್ಕ ನಕ್ಷತ್ರವೊಂದನ್ನು ಇಟ್ಟು ಕೇಳಿದರೆ ಮಾತ್ರ ತಮ್ಮ ಅಭ್ಯಂತರವಿಲ್ಲ.

ತಮ್ಮ ಸೇವೆಯಲ್ಲಿ ಪ್ರಖ್ಯಾತರಾದವರು ಒಬ್ಬಿಬ್ಬರಲ್ಲ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರೊಬ್ಬರು, ತಾವಿರುವುದು ನಕಲು ಡೇಟಾಬೇಸಿನ ಯಂತ್ರದಲ್ಲಿ ಎಂದುಕೊಂಡು ಅಸಲಿನ ಮೇಲೆ ಅಳಿಸುವ ಆಜ್ಞೆ ಕೊಟ್ಟರು. ಎರಡು ಯಂತ್ರಗಳ ಹೆಸರಿನಲ್ಲಿ ಇದ್ದ ವ್ಯತ್ಯಾಸ ಒಂದೇ ಅಂಕಿ. ಒಂದೆರಡು ಸೆಕೆಂಡಿನಲ್ಲಿ ಎಚ್ಚೆತ್ತು ನಿಲ್ಲಿಸುವ ಹೊತ್ತಿಗೆ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5. ನಾಲ್ಕೇ ವಾರಕ್ಕೆ, ಫೆಬ್ರವರಿ 28ರಂದು, ಅಮೆಜಾನಿನ ಎಸ್3 ಎಂಬ ಡೇಟಾ ಸಂಗ್ರಹ ಸೇವೆಯಲ್ಲಿ ಕೆಲವು ಸರ್ವರುಗಳನ್ನಷ್ಟೇ ಕಳಚಬೇಕಿದ್ದ ಕಮಾಂಡಿಗೆ ಕೊಟ್ಟ ಇನ್‌ಪುಟ್ ಒಂದು ತಪ್ಪಾಗಿ ಹೋಗಿ, ಬೇಡವಾದವೂ ಕಳಚಿಕೊಂಡವು. ಲೆಕ್ಕವಿಲ್ಲದಷ್ಟು ವೆಬ್‌ಸೈಟುಗಳು ಗಂಟೆಗಟ್ಟಲೆ ಮಲಗಿದವು. ಸೇವೆ ನಿಂತಿದೆಯೆಂದು ಸಾರಬೇಕಾದ ಫಲಕವೂ ಅದೇ ಎಸ್3ಯನ್ನು ನೆಚ್ಚಿಕೊಂಡಿದ್ದರಿಂದ ಅದನ್ನು ತಿದ್ದಲೂ ಆಗಲಿಲ್ಲ.

ಪತ್ರಿಕೆಗಳು ಇದನ್ನೆಲ್ಲ ಮನುಷ್ಯನ ತಪ್ಪು ಎಂದು ಬರೆದವು. ತಮ್ಮ ಹೆಸರಿಗೆ ಕಿಂಚಿತ್ ಮಸಿ ಹತ್ತಲಿಲ್ಲ, ಸಂತೋಷ. ಆದರೆ ಅಮೆಜಾನಿನವರು ಆಮೇಲೆ ತಿದ್ದಿದ್ದು ಆ ಕಮಾಂಡು ನಡೆಸುವ ಸಾಧನವನ್ನು: ಸರ್ವರುಗಳನ್ನು ನಿಧಾನವಾಗಿ ಕಳಚುವ ಹಾಗೆ, ಇಂತಿಷ್ಟಕ್ಕಿಂತ ಕಡಿಮೆ ಮಾಡದ ಹಾಗೆ. ಅಂದರೆ ತಡೆಯುವ ವಿದ್ಯೆ ತಮ್ಮ ವರ್ಗಕ್ಕೆ ಅಸಾಧ್ಯವೇನಲ್ಲ ಎಂದು ಈ ಪಾಮರನಿಗೆ ತೋರುತ್ತದೆ.

ಕೇಳಿಯೇ ಅಳಿಸುವ ಏರ್ಪಾಡೂ ಇದೆಯಲ್ಲ ಎನ್ನುತ್ತೀರಿ. ಇದೆ ಸ್ವಾಮಿ. ರೆಡ್‌ಹ್ಯಾಟ್ ಲಿನಕ್ಸ್ ಕುಲದಲ್ಲಿ ರೂಟ್ ಬಳಕೆದಾರರಿಗೆ ಅದನ್ನು ಮೊದಲೇ ಕಟ್ಟಿಕೊಟ್ಟಿದ್ದಾರೆ. ಸಾವಿರಾರು ಫೈಲು ಅಳಿಸಲು ಹೇಳಿದರೆ ಒಂದೊಂದಕ್ಕೂ ಅಪ್ಪಣೆ ಕೇಳುತ್ತೀರಿ. ಎಲೆಗೆ ಬೀಳುವ ಪ್ರತಿ ಅಗುಳಿಗೂ ‘ಸಾಕೇ?’ ಎಂದು ವಿಚಾರಿಸುವ ಉಪಚಾರ. ಬೇಸತ್ತವರು ‘ಎಫ್’ ಎಂಬ ಅಕ್ಷರ ಸೇರಿಸುತ್ತಾರೆ, ತಾವು ಮತ್ತೆ ಮೌನಕ್ಕೆ ಜಾರುತ್ತೀರಿ. ಎಷ್ಟು ಫೈಲು, ಯಾವ ಯಂತ್ರದಲ್ಲಿ ಎಂದು ಒಂದೇ ಸಲ ಕೇಳಿ ಮುಗಿಸಿದ್ದರೆ ಆಗುತ್ತಿತ್ತು.

ಇನ್ನೊಂದು ಕಿರು ಅಹವಾಲು. ‘ಲೆಕ್ಕಪತ್ರ’ ಎಂಬ ಫೈಲನ್ನು ಕೆಲವು ಟರ್ಮಿನಲ್‌ಗಳಲ್ಲಿ ತಾವು ‘ಲೆಕ್‌ಕಪತ್‌ರ’ ಎಂದು ದರ್ಶನ ಮಾಡಿಸುತ್ತೀರಿ. ಸರ್ವರಿನ ಬರೀ ಕನ್ಸೋಲ್‌ನಲ್ಲಂತೂ ಸಾಲಾಗಿ ಚೌಕಗಳು, ಏಕೆಂದರೆ ಅಲ್ಲಿ ಹೆಚ್ಚೆಂದರೆ 512 ಅಕ್ಷರರೂಪಗಳಿಗೆ ಜಾಗ. ಒತ್ತಕ್ಷರದ ಮಾತು ಹಾಗಿರಲಿ, ಮೂಲಾಕ್ಷರಕ್ಕಾದರೂ ಒಂದು ಮೂಲೆ ದಯಪಾಲಿಸಬೇಕು. ಯಾವ ಚೌಕವನ್ನು ಅಳಿಸುತ್ತಿದ್ದೇವೆಂದು ತಿಳಿಯದೆ ಎಂಟರ್ ಒತ್ತುವುದು ಕಷ್ಟ.

‘ತಮ್ಮ ಆಜ್ಞಾಧಾರಕ’ ಎಂದು ಸಹಿ ಹಾಕಬೇಕಾದವರು ನ್ಯಾಯವಾಗಿ ತಾವು. ತಾವು ಹಾಕುವುದಿಲ್ಲವಾದ್ದರಿಂದ ನಾನೇ ಹಾಕುತ್ತಿದ್ದೇನೆ.

ಇಂತಿ ತಮ್ಮ ಆಜ್ಞಾಧಾರಕ,
ರಾತ್ರಿಪಾಳಿಯವನು