ಹೆಬ್ಬೆಟ್ಟಿನ ಮಾಸ್ತರ

ತರಬೇತಿ ಮುಗಿಸಿ ಬಂದ ಮಾಸ್ತರನ ಎದುರಿಗೆ ಒಂದು ವಾರ ಯಾರೂ ಸುಳಿಯಬಾರದು. ನಾನು ಬಂದವನೇ ಸ್ಟಾಫ್ ರೂಮಿನಲ್ಲಿ ಗುಂಪು ಕಲಿಕೆ ಎಂದು ಕೊರೆಯತೊಡಗಿದೆ. 1971ರಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ ಎಲಿಯಟ್ ಆರನ್ಸನ್ ಎಂಬ ಮನಶ್ಶಾಸ್ತ್ರಜ್ಞ ಪಾಠವನ್ನು ತುಂಡು ಮಾಡಿ ಮಕ್ಕಳಿಗೆ ಹಂಚಿದ್ದು, ಅವರು ಒಬ್ಬರಿಗೊಬ್ಬರು ಕಲಿಸಿ ಪೂರ್ತಿ ಮಾಡಿಕೊಂಡದ್ದು, ಎಲ್ಲ ಹೇಳಿದೆ. "ಹಂಗಾದ್ರ ನೀವೇನ್ ಮಾಡ್ತೀರ್ರಿ?" ಅಂದರು ಗಣಿತದವರು. ಉತ್ತರ ಹೊಳೆಯಲಿಲ್ಲ. ಗಂಟೆ ಮೊಳಗಿ ಮಾನ ಉಳಿಸಿತು.

ನಮ್ಮದು ಕೊಪ್ಪಳ ಸೀಮೆಯ ವಸತಿ ಶಾಲೆ. ಗುಂಪು ಕಲಿಕೆಗೆ ಆರಿಸಿಕೊಂಡದ್ದು ಹತ್ತನೇ ತರಗತಿಯ ಆಮ್ಲ, ಪ್ರತ್ಯಾಮ್ಲದ ಪಾಠ. ಹಬ್ಬಕ್ಕೆ ಊರಿಗೆ ಹೊರಟವರಿಗೆ ಒಂದೊಂದು ಬಾಟಲಿ ನೀರು ತರಲು ಹೇಳಿದ್ದೆ. ಕೊಪ್ಪಳದವರು ಮುನಿರಾಬಾದ್ ಡ್ಯಾಮಿನದು ತಂದರು, ಗಂಗಾವತಿಯವರು ಎಡದಂಡೆ ಕಾಲುವೆಯದು, ಕುಷ್ಟಗಿ, ಯಲಬುರ್ಗಾದವರು ಬೋರಿನದು. ಗುಂಪಿಗೆ ತಾಲೂಕಿಗೊಬ್ಬರಂತೆ ನಾಲ್ವರು. ಲಿಟ್ಮಸ್ ತೀರಿತ್ತು; ಅರಿಶಿನ ಹಚ್ಚಿ ಒಣಗಿಸಿದ ಹಾಳೆ ಕತ್ತರಿಸಿಕೊಂಡೆವು. ಪ್ರತ್ಯಾಮ್ಲ ತಾಗಿದರೆ ಅರಿಶಿನ ಕೆಂಪಾಗುತ್ತದೆ, ಆಮ್ಲಕ್ಕೆ ಜಪ್ಪಯ್ಯ ಅನ್ನುವುದಿಲ್ಲ.

ಮಾಡಬೇಕಾದವರು ಮಕ್ಕಳು. ಆದರೆ ಮಾಸ್ತರನ ಕೈ ಸುಮ್ಮನಿರಬೇಕಲ್ಲ! "ತಡೀರಿ, ನಾ ತೋರಸ್ತೀನಿ" ಎಂದು ಯಲಬುರ್ಗಾದ ನೀರಿನಲ್ಲಿ ಹಾಳೆ ಅದ್ದಿದೆ. ಕೆಂಪು! ಸಿಕ್ಕಿತು ಅವಕಾಶ. ನಮ್ಮ ಜಿಲ್ಲೆಯ ಬೋರ್ ನೀರು, ಫ್ಲೋರೈಡು, ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಹಲ್ಲು, ಎಲುಬಿನ ಗತಿ ಏನು ಎಂದು ಹತ್ತು ನಿಮಿಷ ಭಾಷಣ. (ಫ್ಲೋರೈಡ್ ಅರಿಶಿನಕ್ಕೆ ಸಿಗುವ ಕಳ್ಳನಲ್ಲ ಎಂಬುದು ಆ ಆವೇಶದಲ್ಲಿ ನೆನಪಾಗಲಿಲ್ಲ.) ಕುಷ್ಟಗಿಯದೂ ಕೆಂಪು. ಕಾಲುವೆಯದೂ ಕೆಂಪು. ಡ್ಯಾಮಿನದೂ ಕೆಂಪು. ಕಡೆಗೆ ನಮ್ಮ ಶಾಲೆಯ ಫಿಲ್ಟರ್ ನೀರೂ ಕೆಂಪಾದಾಗ ನನ್ನ ಎದೆ ಹೊಡೆದುಕೊಂಡಿತು. ಸಂಜೆಯ ಚಹಾ ಇಡಬೇಡಿ ಎಂದು ಅಡುಗೆಮನೆಗೆ ಹುಡುಗನನ್ನು ಓಡಿಸಿದೆ.

ಹಿಂದಿನ ಬೆಂಚಿನಲ್ಲಿ ನಾಲ್ಕು ತಲೆ ಕೂಡಿದ್ದವು. ಗಲಾಟೆ ಎಂದುಕೊಂಡು ಗದರಿಸಿದೆ. ಕುಷ್ಟಗಿಯ ಹುಡುಗಿ ಎದ್ದು ನಿಂತಳು.

"ಸರ್ರೀ, ನಾವ್ ಅದ್ದಿದ್ದು ಒಂದೂ ಕೆಂಪಾಗಿಲ್ರಿ. ನೀವ್ ಹಿಡದದ್ದಷ್ಟ ಕೆಂಪಾಗೇತ್ರಿ. ಅದೂ ನೀವ್ ಹಿಡದ ತುದಿಗೇ ರೀ."

ಗಂಗಾವತಿಯ ಹುಡುಗ ನನ್ನ ಬಲಗೈ ನೋಡುತ್ತ ಮೆಲ್ಲಗೆ ಕೇಳಿದ, "ಊಟ ಆದಮ್ಯಾಲೆ ಎಲಿ ಹಾಕ್ಕೊಂಡಿದ್ರೇನ್ರಿ ಸರ?"

ಹಾಕಿಕೊಂಡಿದ್ದೆ. ಉಗುರ ಸಂದಿಯಲ್ಲಿ ಸುಣ್ಣ ಬೆಳ್ಳಗೆ ಕೂತಿತ್ತು. ಯಲಬುರ್ಗಾದವನು ಕೆಂಪು ಕಲೆಯ ಮೇಲೆ ನಿಂಬೆಹಣ್ಣು ಹಿಂಡಿದ, ಹಳದಿಗೆ ತಿರುಗಿತು. ತರಗತಿ ಚಪ್ಪಾಳೆ ತಟ್ಟಿತು. ನನಗಲ್ಲ.

ಚಹಾ ಅಂದು ಒಂದು ತಾಸು ತಡವಾಯಿತು. ಆ ಗುಂಪಿನ ಪ್ರಯೋಗ ಪುಸ್ತಕದಲ್ಲಿ ನನ್ನ ಸಹಿಯ ಮೇಲೆಯೇ ಈ ಸಾಲು ಈಗಲೂ ಇದೆ: "ನಾಲ್ಕೂ ತಾಲೂಕಿನ ನೀರು: ಬದಲಾವಣೆ ಇಲ್ಲ. ಸರ್ ಹೆಬ್ಬೆಟ್ಟು: ಪ್ರತ್ಯಾಮ್ಲ."