ಸಾಹೇಬ್ರು ಎರಡು ಮಾತಾಡ್ತಾರ

ಬೀಳಗಿ ಕಡೆಯ ಒಂದು ಮದುವೆ. ಲಗ್ನಪತ್ರಿಕೆಯಲ್ಲಿ ಅಕ್ಷತೆಯ ವೇಳೆ 12.32 ಎಂದಿದೆ. ಗಡಿಯಾರ ಆಗಲೇ ಒಂದು ದಾಟಿದೆ. ಅಕ್ಕಿಕಾಳು ಹಂಚಿ ಅರ್ಧ ತಾಸಾಯಿತು. ಮುಷ್ಟಿಯ ಬೆವರಿಗೆ ನೆನೆದು ನೆನೆದು, ಇನ್ನೊಂದಿಷ್ಟು ಹೊತ್ತು ಬಿಟ್ಟರೆ ಅಲ್ಲೇ ಅನ್ನವಾದೀತು. ಮದುಮಗ ಬಾಸಿಂಗದ ಸಂದಿಯಿಂದ ಊಟದ ಪಂಕ್ತಿಯ ಕಡೆ ನೋಡುತ್ತಿದ್ದಾನೆ. ಆಗ ಹೊರಗೆ ಧೂಳೆದ್ದು, ಮೂರು ಬಿಳಿ ಗಾಡಿ ನಿಂತು, ಮೈಕಿನವನಿಗೆ ಜೀವ ಬರುತ್ತದೆ: “ಮಾನ್ಯ ಶಾಸಕರು ಬಂದಾರ. ಸಾಹೇಬ್ರು ಎರಡು ಮಾತಾಡ್ತಾರ.”

‘ಎರಡು ಮಾತು’ ಎಂಬುದು ನಮ್ಮ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ಒಂದು ಅಳತೆ. ಸೇರು, ಪಾವು ಹೋಗಿ ಕಿಲೋ ಬಂದರೂ ಇದು ಬದಲಾಗಿಲ್ಲ. ಕಮ್ಮಿಯೆಂದರೆ ಇಪ್ಪತ್ತು ನಿಮಿಷ.

ಮದುಮಗಳ ಹೆಸರನ್ನು ಪಿಎ ಕಿವಿಯಲ್ಲಿ ಹೇಳಿಕೊಡಬೇಕು. ಆದರೆ ಆಲಮಟ್ಟಿ ಅಣೆಕಟ್ಟಿನ ಎತ್ತರ 519.60 ಮೀಟರಿನಿಂದ 524.256 ಮೀಟರಿಗೆ ಏರಬೇಕೆಂಬುದನ್ನು ಸಾಹೇಬರು ನಿದ್ದೆಯಲ್ಲೂ ಮೂರು ದಶಾಂಶ ಬಿಡದೆ ಹೇಳುತ್ತಾರೆ. ಬೀಳಗಿಯವರಿಗೆ ಇದೇನೂ ನಗುವ ಅಂಕಿಯಲ್ಲ. ಹಿನ್ನೀರಿಗೆ ಹೊಲ ಮನೆ ಕೊಟ್ಟ ಊರುಗಳು ಇಲ್ಲಿ ಸಾಲುಸಾಲು. “ಪರಿಹಾರ ಕೊಡಸೇ ತೀರ್ತೇನಿ!” ಎಂದು ಸಾಹೇಬರು ಟೇಬಲ್ಲು ಗುದ್ದಿದರು. ಚಪ್ಪಾಳೆ ಬರಲಿಲ್ಲ. ಎಲ್ಲರ ಕೈಯಲ್ಲೂ ಅಕ್ಕಿ. ಸಾಹೇಬರಿಗೆ ಅದರಲ್ಲೂ ವಿರೋಧ ಪಕ್ಷದವರ ಕೈವಾಡ ಕಂಡಿತು, ಮಾತು ಇನ್ನಷ್ಟು ಬೆಳೆಯಿತು. ಕೊನೆಗೆ “ಈ ಶುಭ ಸಂದರ್ಭದಾಗ” ಅಂದದ್ದೇ ತಡ, ‘ಶುಭ’ ಎಂಬ ಶಬ್ದಕ್ಕೇ ಕಾದಿದ್ದ ಹಿಂದಿನ ಸಾಲಿನ ಅಜ್ಜ ಅಕ್ಕಿ ತೂರಿಬಿಟ್ಟ. ಅಜ್ಜ ತೂರಿದ್ದು ನೋಡಿ ಎಲ್ಲರೂ ತೂರಿದರು. ವಾಲಗದವರು ಊದಿದರು. ಸಾಹೇಬರ ಬಾಯಿಗೂ ನಾಲ್ಕು ಕಾಳು ಬಿದ್ದವು. “ಜನರ ಪ್ರೀತಿ ನೋಡ್ರಿ ಸಾಹೇಬ್ರ” ಎಂದ ಪಿಎ. ಒಳ್ಳೆಯ ಪಿಎ ಇದ್ದವರು ಎರಡು ಸಲ ಆರಿಸಿ ಬರುತ್ತಾರೆ.

ಇವರ ಹೆಸರು ಕೇಳಬೇಡಿ. ನಾಲ್ಕು ತಾಲ್ಲೂಕಿನಲ್ಲಿ ಕಂಡವರನ್ನೆಲ್ಲ ಒಂದೇ ಜುಬ್ಬಾದಲ್ಲಿ ತುಂಬಿ ನಿಲ್ಲಿಸಿದ್ದೇನೆ.

ನನ್ನನ್ನು ಕೇಳಿದರೆ ಮೂಲ ತಪ್ಪು ಬಿ.ಡಿ. ಜತ್ತಿಯವರದು. ಜಮಖಂಡಿ ತಾಲ್ಲೂಕಿನ ಸಾವಳಗಿಯಲ್ಲಿ 1912ರಲ್ಲಿ ಹುಟ್ಟಿ, ವಕೀಲಿ ಮಾಡಿಕೊಂಡು, 1940ರಲ್ಲಿ ಜಮಖಂಡಿ ಪುರಸಭೆಯ ಸದಸ್ಯರಾದರು. ಅಷ್ಟಕ್ಕೇ ಸುಮ್ಮನಿರಬಾರದಿತ್ತೆ? ಪಟವರ್ಧನರ ಜಮಖಂಡಿ ಸಂಸ್ಥಾನಕ್ಕೆ ದಿವಾನರಾದರು, 1958ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು, 1974ರಲ್ಲಿ ಉಪರಾಷ್ಟ್ರಪತಿ, 1977ರ ಫೆಬ್ರುವರಿಯಿಂದ ಜುಲೈವರೆಗೆ ಹಂಗಾಮಿ ರಾಷ್ಟ್ರಪತಿ! ಇಂಥವರೊಬ್ಬರು ಊರಲ್ಲಿ ಆಗಿಹೋದ ಮೇಲೆ, ವಾರ್ಡಿಗೆ ಆರಿಸಿ ಬಂದ ಯಾವನಿಗೆ ತಾನೆ ರಾತ್ರಿ ನಿದ್ದೆ ಹತ್ತೀತು? ಕೈಯಲ್ಲಿ ಗಟಾರದ ಅರ್ಜಿ, ಕಣ್ಣು ದಿಲ್ಲಿಯ ಮೇಲೆ. ನಮ್ಮ ಸಾಹೇಬರೂ ಜತ್ತಿಯವರು ಹತ್ತಿದ ಮೆಟ್ಟಿಲು ಎಣಿಸಿ ಬಾಯಿಪಾಠ ಮಾಡಿದವರು. ಆ ಮನುಷ್ಯ ಮೆಟ್ಟಿಲ ಮೇಲೆ ಕಾನೂನು ಪುಸ್ತಕ ಹಿಡಿದಿದ್ದನೆಂಬುದೊಂದು ಮರೆತಿದೆ.

ಎರಡನೆಯ ಪಾಠ ಸಿದ್ದು ನ್ಯಾಮಗೌಡರದು. 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಯಿಂದ ನಿಂತು ರಾಮಕೃಷ್ಣ ಹೆಗಡೆಯಂಥವರನ್ನೇ ಸೋಲಿಸಿದರು, ಕೇಂದ್ರದಲ್ಲಿ ಮಂತ್ರಿಯೂ ಆದರು. ಸಾಹೇಬರು ಈ ಕತೆಯ ಉತ್ತರಾರ್ಧವನ್ನಷ್ಟೇ ಕಲಿತಿದ್ದಾರೆ. ಅದಕ್ಕೂ ಮುಂಚೆ ಚಿಕ್ಕಪಡಸಲಗಿಯಲ್ಲಿ ರೈತರು ತಾವೇ ರೊಕ್ಕ ಕೂಡಿಸಿ, ಮೈಮುರಿದು ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿದರು, ಅದರ ಮುಂದಾಳು ಈ ಮನುಷ್ಯ, ಅದಕ್ಕೇ ‘ಬ್ಯಾರೇಜ್ ಸಿದ್ದು’ ಎಂಬ ಹೆಸರು. ಈ ಪೂರ್ವಾರ್ಧದ ಪುಟಕ್ಕೆ ಬಂದಾಗ ಸಾಹೇಬರಿಗೆ ಆಕಳಿಕೆ. ಅವರು ಈವರೆಗೆ ಕಟ್ಟಿದ್ದು ಬಸ್ ತಂಗುದಾಣ. ಅದರಲ್ಲಿ ನೆರಳಿಗಿಂತ ಅವರ ಹೆಸರು ದೊಡ್ಡದು.

ಹಾದಿ ಎಲ್ಲರಿಗೂ ಗೊತ್ತಿದ್ದದ್ದೇ: ಮೊದಲು ಊರಿನ ಪಿಕೆಪಿಎಸ್ ಎಂಬ ಕೃಷಿ ಪತ್ತಿನ ಸಂಘ, ಆಮೇಲೆ ಎಪಿಎಂಸಿ, ಜಿಲ್ಲಾ ಪಂಚಾಯ್ತಿ, ಟಿಕೀಟು. ಕಬ್ಬಿನ ಸೀಮೆಯ ರಾಜಕಾರಣವೂ ಕಬ್ಬಿನ ಹಾಗೆಯೇ. ಒಮ್ಮೆ ನಾಟಿ ಬೇರು ಬಿಟ್ಟರೆ ಮುಂದೆ ಕೂಳೆ ಬೆಳೆ. ಸಾಹೇಬರ ಮಗ ಈಗಾಗಲೇ ಬ್ಯಾನರಿನ ಮೂಲೆಯಲ್ಲಿ ಚಿಗುರಿದ್ದಾನೆ, ಕರಿ ಕನ್ನಡಕ ಹಾಕಿಕೊಂಡು.

ಬೆಳಿಗ್ಗೆ ಆರಕ್ಕೇ ಸಾಹೇಬರ ಮನೆಯ ಕಟ್ಟೆ ತುಂಬುತ್ತದೆ. “ಕಬ್ಬು ಕಡಿಯಾಕ ಗ್ಯಾಂಗ್ ಬಂದಿಲ್ರಿ ಸಾಹೇಬ್ರ, ಒಣಗಾಕ ಹತ್ತೈತಿ.” “ಮಗನ್ನ ವರ್ಗಾ ಮಾಡ್ಯಾರ್ರಿ.” ಉತ್ತರಗಳು ಮೂರೇ. ‘ಫೋನ್ ಹಚ್ಚು’ ಅಂದರೆ ಆದರೂ ಆದೀತು. ‘ಲೆಟರ್ ಕೊಡು’ ಅಂದರೆ ಆಗುವುದಿಲ್ಲ. ‘ನೋಡೋಣಂತ’ ಅಂದರೆ ಅರ್ಜಿ ತಂದವನು ಹೋದ ಸಲ ಎದುರಿನವರಿಗೆ ಓಟು ಹಾಕಿದ್ದು ಗೊತ್ತಾಗಿದೆ.

ಭರವಸೆ ಕೊಡಲು ಎಲ್ಲಕ್ಕಿಂತ ಸುಲಭದ ಜಾಗ ಬನಹಟ್ಟಿ. ಪವರ್‌ಲೂಮಿನ ಸದ್ದಿನಲ್ಲಿ ಏನಂದರೂ ನಡೆಯುತ್ತದೆ. ಒಮ್ಮೆ ಕರೆಂಟು ಹೋಗಿ ಮಗ್ಗಗಳೆಲ್ಲ ಒಮ್ಮೆಲೇ ನಿಂತಾಗ “ಸೀರಿಗೆ ಮಾರ್ಕೆಟ್ ನಾ ಮಾಡಸ್ತೇನಿ” ಎಂಬ ಮಾತು ಓಣಿಗೆಲ್ಲ ಸ್ಪಷ್ಟವಾಗಿ ಕೇಳಿತು. ಅದನ್ನೇ ನೇಕಾರರು ಇವತ್ತಿಗೂ ಹಿಡಿದಿದ್ದಾರೆ. ಬನಹಟ್ಟಿ ಸೇರಿದ ಈ ತೇರದಾಳ ಕ್ಷೇತ್ರದ ಮಂದಿ ನಟಿ ಉಮಾಶ್ರೀಯವರನ್ನು 2008ರಲ್ಲಿ ಸೋಲಿಸಿ, 2013ರಲ್ಲಿ ಗೆಲ್ಲಿಸಿ ಮಂತ್ರಿಯಾಗುವುದನ್ನು ನೋಡಿ, 2018ರಲ್ಲಿ ಮತ್ತೆ ಸೋಲಿಸಿದವರು. ಅಸಲು ಕಲಾವಿದೆಯನ್ನೇ ಕಂಡವರ ಮುಂದೆ ಸಾಹೇಬರ ಅಭಿನಯ ಯಾವ ಲೆಕ್ಕ?

ಇನ್ನು ಬಾಗಲಕೋಟೆ-ಕುಡಚಿ ರೈಲು. 2010-11ರಲ್ಲಿ ಮಂಜೂರಾದ ಸುಮಾರು 142 ಕಿಲೋಮೀಟರಿನ ಹಾದಿ. ಹಳಿ ಕುಡಚಿ ಮುಟ್ಟುವ ಮೊದಲೇ ಸಾಹೇಬರ ಭಾಷಣದಲ್ಲಿ ಅದು ಎಷ್ಟು ಸಲ ಓಡಾಡಿದೆಯೆಂದರೆ, ಮುಧೋಳದ ಚಾದಂಗಡಿಯಲ್ಲಿ ಯಾರಾದರೂ ತಡವಾಗಿ ಬಂದರೆ “ಕುಡಚಿ ಗಾಡಿಗೆ ಬಂದ್ಯೇನೋ?” ಎಂದು ಕೇಳುತ್ತಾರೆ.

ಎರಡನೆಯ ಅವಧಿಯಲ್ಲಿ ಮಂತ್ರಿಗಿರಿ ತಪ್ಪಿ ಒಂದು ನಿಗಮದ ಅಧ್ಯಕ್ಷಗಿರಿ ಸಿಕ್ಕಿತು. ಗೂಟದ ಕಾರು ಬಂತೆಂದು ಊರಲ್ಲಿ ಪಟಾಕಿ ಹಾರಿಸಿದರು. ಆದರೆ ದೈವ ನೋಡಿ, 2017ರ ಮೇ ತಿಂಗಳಲ್ಲೇ ಕೆಂಪು ದೀಪ ತೆಗೆಸಿದ್ದರು. ಗೂಟವಿಲ್ಲದ ಗೂಟದ ಕಾರಿನಲ್ಲಿ ಕೂತ ಸಾಹೇಬರು, ಜನ ಗುರುತು ಹಿಡಿಯಲೆಂದು ಗಾಜು ಇಳಿಸಿಯೇ ತಿರುಗಿದರು. ಆ ಬೇಸಿಗೆಯೆಲ್ಲ ಡ್ರೈವರನಿಗೆ ನೆಗಡಿ, ಸಾಹೇಬರಿಗೆ ಧೂಳಿನ ಕೆಮ್ಮು.

ಮುಂದಿನ ಚುನಾವಣೆಯಲ್ಲಿ ಸೋತರು. ಹೇಗೆ ಎಂಬುದು ದೊಡ್ಡ ಸಂಗತಿಯಲ್ಲ, ಗೆದ್ದದ್ದೂ ಹಾಗೆಯೇ. ಕಟ್ಟೆ ಖಾಲಿಯಾಯಿತು, ಪಿಎ ಬೇರೆ ಕಿವಿ ಹುಡುಕಿಕೊಂಡ. ಲಗ್ನಪತ್ರಿಕೆಗಳು ಮಾತ್ರ ನಿಲ್ಲಲಿಲ್ಲ, ಅದು ನಮ್ಮ ಮಂದಿಯ ದೊಡ್ಡ ಗುಣ.

ಮೊನ್ನೆ ಲೋಕಾಪುರದ ಹತ್ತಿರ ಒಂದು ಮದುವೆಯಲ್ಲಿ ಅವರು ನನ್ನ ಪಕ್ಕದ ಕುರ್ಚಿಯಲ್ಲೇ ಕೂತಿದ್ದರು. ಬಲಗೈ ಮುಷ್ಟಿಯಲ್ಲಿ ಅಕ್ಕಿಕಾಳು. ವೇಳೆ ಮೀರಿತ್ತು. ಹೊರಗೆ ಧೂಳೆದ್ದು, ಹೊಸ ಶಾಸಕರು ಬಂದು, ಮೈಕು ಹಿಡಿದು, ವಧೂವರರಿಗೆ ಒಂದು ವಾಕ್ಯ ಹರಸಿ, ಆಲಮಟ್ಟಿಗೆ ಹೊರಳಿದರು. “519 ಪಾಯಿಂಟ್ 60ರಿಂದ 524...” ಎಂದವರು ಮುಂದಿನ ದಶಾಂಶ ಮರೆತು ತಡಬಡಿಸಿದರು.

“ಪಾಯಿಂಟ್ ಎರಡು ಐದು ಆರು” ಎಂದು ನಮ್ಮ ಸಾಹೇಬರು ನನಗಷ್ಟೇ ಕೇಳುವಂತೆ ಗೊಣಗಿದರು. ಆಮೇಲೆ ಒಮ್ಮೆ ಬೆವರಿದ ಅಂಗೈ ನೋಡಿಕೊಂಡರು, ಒಮ್ಮೆ ಊಟದ ಪಂಕ್ತಿಯ ಕಡೆ ನೋಡಿದರು. ವೇದಿಕೆಯ ಮೇಲಿನವರು ಇನ್ನೂ ‘ಶುಭ’ ಅಂದಿರಲಿಲ್ಲ. ಎಲ್ಲರಿಗಿಂತ ಮೊದಲು ಅಕ್ಕಿ ತೂರಿದವರು ಅವರೇ.