ವ್ಯಾಯಾಮೋಪಾನನ್ಮೀಮಾಂಸೆ

ಈ ಪ್ರಬಂಧದ ಶೀರ್ಷಿಕೆಯನ್ನು ಒಂದೇ ಉಸಿರಿನಲ್ಲಿ ತಪ್ಪಿಲ್ಲದೆ ಉಚ್ಚರಿಸಬಲ್ಲ ವಾಚಕರಿಗೆ ಅಂದಿನ ಮಟ್ಟಿಗೆ ಬೇರೆ ವ್ಯಾಯಾಮದ ಅವಶ್ಯಕತೆಯಿಲ್ಲವೆಂದು ಮೊದಲೇ ವಿಜ್ಞಾಪಿಸಿಕೊಳ್ಳುತ್ತೇನೆ. ‘ಉಪಾನಹ್’ ಎಂಬ ಹಕಾರಾಂತ ಶಬ್ದವು ಸಮಾಸದಲ್ಲಿ ತಕಾರವನ್ನು ಪಡೆದು, ಆ ತಕಾರವು ಮುಂದಣ ಮಕಾರದ ಸಹವಾಸದಿಂದ ಅನುನಾಸಿಕವಾಗಿ, ಕಡೆಗೆ ಗುರುತೇ ಹತ್ತದ ಸ್ಥಿತಿಗೆ ಬರುವುದು, ಮಳೆಗಾಲದಲ್ಲಿ ಆ ವಸ್ತುವಿಗೇ ಒದಗುವ ಅವಸ್ಥೆಗೆ ಅನುರೂಪವಾಗಿದೆ. ಕನ್ನಡದಲ್ಲಿ ಅದನ್ನು ಕೆರ, ಎಕ್ಕಡ, ಜೋಡು, ಮೆಟ್ಟು, ಪಾಪಾಸು, ಚಡಾವು ಎಂದು ನಾನಾ ವಿಧವಾಗಿ ಕರೆದಿರುವರಾದರೂ, ಸಾಗರ, ಹೊಸನಗರ, ತೀರ್ಥಹಳ್ಳಿ ಎಂಬ ಮೂರು ತಾಲ್ಲೂಕುಗಳಲ್ಲಿ, ‘ರಕ್ತದಲ್ಲಿ ಸಕ್ಕರೆಯಿದೆ, ದಿನವೂ ನಡೆಯಿರಿ’ ಎಂದು ವೈದ್ಯರು ಅಪ್ಪಣೆ ಕೊಡಿಸಿದ ಮರುದಿನವೇ ಗೃಹಸ್ಥನು ಪೇಟೆಗೆ ಹೋಗಿ ಕೊಂಡುತಂದು, ಬೆಲೆಯನ್ನು ಮನೆಯಲ್ಲಿ ಅರ್ಧಕ್ಕೆ ಇಳಿಸಿ ಹೇಳುವ ಪದಾರ್ಥಕ್ಕೆ ಬೂಟು ಎಂಬ ಒಂದೇ ಹೆಸರು ರೂಢಿಯಲ್ಲಿರುವುದರಿಂದ, ಮುಂದೆ ನಾನೂ ಅದನ್ನೇ ಬಳಸುವೆನು.

ಬೂಟಿನ ಉತ್ಪತ್ತಿಗೆ ಪ್ರಮಾಣ ಮಹಾಭಾರತದ ಅನುಶಾಸನಪರ್ವ. ಜಮದಗ್ನಿಯು ವಿನೋದಕ್ಕಾಗಿ ಬಾಣಗಳನ್ನು ಬಿಡುತ್ತಲೂ, ರೇಣುಕೆಯು ಓಡೋಡಿ ಅವನ್ನು ಆಯ್ದು ತರುತ್ತಲೂ ಇರಲು, ಜ್ಯೇಷ್ಠಮಾಸದ ನಡುಹಗಲಿನ ಬಿಸಿಲಿಗೆ ಆಕೆಯ ತಲೆಯೂ ಪಾದಗಳೂ ಬೆಂದು, ಮರದ ನೆರಳಿನಲ್ಲಿ ಕ್ಷಣಕಾಲ ನಿಂತು ತಡವಾಗಿ ಬಂದುದರಿಂದ, ಮುನಿಯು ಸೂರ್ಯನಿಗೇ ಬಾಣ ಹೂಡಲು, ಸೂರ್ಯನು ಬ್ರಾಹ್ಮಣವೇಷದಲ್ಲಿ ಬಂದು ಕೊಡೆಯನ್ನೂ ಪಾದರಕ್ಷೆಯನ್ನೂ ಕೊಟ್ಟು ರಾಜಿಯಾದನು. ಇದರಿಂದ ಜಗತ್ತಿನ ಮೊದಲ ಬೂಟು ಓಟದ ಬೂಟೇ ಎಂಬುದು ನಿರ್ವಿವಾದ. ಗಂಡನ ವ್ಯಾಯಾಮವನ್ನು ಹೆಂಡತಿಯ ಕಾಲುಗಳು ನಡೆಸುತ್ತಿದ್ದುವೆಂಬುದೂ ಅಷ್ಟೇ ನಿರ್ವಿವಾದ. ಆ ದಂಪತಿಗಳ ಮಗನಾದ ಪರಶುರಾಮನು ಕೊಡಲಿಯ ನೆತ್ತರನ್ನು ತೊಳೆದುಕೊಂಡದ್ದು ತೀರ್ಥಹಳ್ಳಿಯ ತುಂಗೆಯಲ್ಲಿ ಎಂಬ ಐತಿಹ್ಯವಿದ್ದು, ಎಳ್ಳಮಾವಾಸ್ಯೆಯ ಜಾತ್ರೆಗೆ ಇಂದಿಗೂ ಜನ ಅಲ್ಲಿ ಮುಳುಗುವರಾದ್ದರಿಂದ, ಬೂಟಿನ ವಿಷಯದಲ್ಲಿ ನಮ್ಮ ಸೀಮೆಗೆ ಪಿತ್ರಾರ್ಜಿತ ಹಕ್ಕು ಉಂಟು. ಆದರೆ ತೊಡಕು ಜ್ಯೇಷ್ಠಮಾಸದಲ್ಲಿದೆ. ಮುನಿಯ ಸೀಮೆಯಲ್ಲಿ ನೆಲ ಬೇಯುವ ಆ ತಿಂಗಳಿನಲ್ಲಿ ನಮ್ಮಲ್ಲಿ ಮಳೆ ಹಿಡಿಯುತ್ತದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆಯಲ್ಲಿ ಅಪರಾಧಿಯೇ ತಿಂಗಳುಗಟ್ಟಲೆ ಕಾಣಿಸಿಕೊಳ್ಳದಿರುವಾಗ ಆತನು ಕೊಟ್ಟ ದಂಡವು ಊರ್ಜಿತವೆನ್ನುವುದು ಹೇಗೆ? ಆದಕಾರಣವೇ ಮಲೆನಾಡಿಗರು ಆ ದಾನದಲ್ಲಿ ಕೊಡೆಯನ್ನು ಸ್ವೀಕರಿಸಿ, ಬೂಟನ್ನು ಜಗುಲಿಯ ಕೆಳಗೇ ಬಿಟ್ಟರು.

ಇಲ್ಲಿ ಸಂಶಯ. ನಡಿಗೆ, ಓಟ, ವಾಲಿಬಾಲು, ಭಾರ ಎತ್ತುವಿಕೆ ಇವಕ್ಕೆಲ್ಲ ಒಂದೇ ಜೊತೆ ಸಾಕೋ, ಬೇರೆ ಬೇರೆ ಬೇಕೋ? ಒಂದೂ ಬೇಡವೆಂಬುದು ಪೂರ್ವಪಕ್ಷ. ಇಥಿಯೋಪಿಯದ ಅಬೆಬೆ ಬಿಕಿಲನು 1960ರಲ್ಲಿ ರೋಮಿನ ಒಲಿಂಪಿಕ್ ಮ್ಯಾರಥಾನನ್ನು ಬರಿಗಾಲಿನಲ್ಲಿ 2 ಗಂಟೆ 15 ನಿಮಿಷ 16 ಸೆಕೆಂಡಿನಲ್ಲಿ ಓಡಿ ಗೆದ್ದನಷ್ಟೆ ಎಂದು ಪೂರ್ವಪಕ್ಷಿಗಳು ದೃಷ್ಟಾಂತ ಕೊಡುವರು. ಅದೇ ಬಿಕಿಲನು 1964ರಲ್ಲಿ ಟೋಕಿಯೋದಲ್ಲಿ ಬೂಟು ಮೆಟ್ಟಿಕೊಂಡು ಅದಕ್ಕಿಂತ ಮೂರು ನಿಮಿಷ ಮುಂಚೆಯೇ ಓಟ ಮುಗಿಸಿದನೆಂಬುದು ಅದಕ್ಕೆ ಉತ್ತರ. ಒಬ್ಬನೇ ಸಾಕ್ಷಿಯು ಎರಡೂ ಕಡೆಗೆ ಸಾಕ್ಷಿ ನುಡಿಯುವುದು ನಮ್ಮ ತೋಟದ ಬೇಲಿಯ ತಕರಾರುಗಳನ್ನು ಕಂಡವರಿಗೆ ಹೊಸದಲ್ಲ. ಚರಕಮುನಿಯಂತೂ ಪಾದತ್ರಧಾರಣವು ಬಲಕ್ಕಲ್ಲದೆ ಕಣ್ಣಿಗೂ ಹಿತವೆಂದಿರುವನು. ಅಂಗಡಿಯ ಗಾಜಿನೊಳಗಿನ ಬೂಟುಗಳನ್ನು ನೋಡುತ್ತ ನಿಂತ ತರುಣರ ಕಣ್ಣುಗಳು ಇದನ್ನು ಸಮರ್ಥಿಸುತ್ತವೆ.

ಸಿದ್ಧಾಂತವೇನೆಂದರೆ: ಓಟದ ಬೂಟು ಮುಂದಕ್ಕೆ ಮಾತ್ರ ಹೋಗುವೆನೆಂಬ ಏಕನಿಷ್ಠೆಯಿಂದ ನಿರ್ಮಿತವಾಗಿ, ಹಿಮ್ಮಡಿಯಡಿ ದಪ್ಪನಾದ ಮೆತ್ತೆಯನ್ನು ಹೊಂದಿರುವುದರಿಂದ, ವಾಲಿಬಾಲಿನವನು ಪಕ್ಕಕ್ಕೆ ನೆಗೆದಾಗ ಆ ಎತ್ತರವೇ ಕಣಕಾಲನ್ನು ಉಳುಕಿಸುವುದು; ಅವನಿಗೆ ತಗ್ಗಾದ, ಪಕ್ಕಗಳು ಬಿಗಿಯಾದ, ನೆಲವನ್ನು ಕಚ್ಚುವ ರಬ್ಬರಿನ ಅಟ್ಟೆ ಬೇಕು. ಭಾರ ಎತ್ತುವವನಿಗೆ ಅಟ್ಟೆ ಗಟ್ಟಿಯಾಗಿರತಕ್ಕದ್ದು. ಓಟದ ಬೂಟಿನಲ್ಲಿ ಕಬ್ಬಿಣ ಎತ್ತುವುದು ಹತ್ತಿಯ ಹಾಸಿಗೆಯ ಮೇಲೆ ನಿಂತು ಅಡಿಕೆ ಮೂಟೆ ಹೊತ್ತಂತೆ. ಹಗಲೆಲ್ಲ ಓಡಾಡಿದ ಪಾದವು ಸಂಜೆಗೆ ಊದಿಕೊಳ್ಳುವುದರಿಂದ ಬೂಟನ್ನು ಸಂಜೆಯಲ್ಲಿಯೇ, ತುದಿಯಲ್ಲಿ ಒಂದು ಹೆಬ್ಬೆಟ್ಟಿನಗಲ ಜಾಗ ಬಿಟ್ಟು ಕೊಳ್ಳಬೇಕೆಂದು ಶಾಸ್ತ್ರವಿದೆ. ಆದರೆ ಹೊಸನಗರದ ಒಳಹಳ್ಳಿಯವನು ಬೆಳಗಿನ ಬಸ್ಸಿಗೆ ಸಾಗರಕ್ಕೆ ಬಂದು ಮಧ್ಯಾಹ್ನದ ಬಸ್ಸಿಗೆ ಮರಳದಿದ್ದರೆ ಆ ರಾತ್ರಿ ಮನೆಯ ಮುಖ ಕಾಣಲಾರನು. ಹೀಗಾಗಿ ನಮ್ಮ ಸೀಮೆಯ ಬೂಟುಗಳೆಲ್ಲ ಬೆಳಗಿನ ಪಾದಕ್ಕೆ ಕೊಂಡವು, ಸಂಜೆಯ ಪಾದವನ್ನು ಕಚ್ಚತಕ್ಕವು.

ಅಟ್ಟೆಯ ಇತಿಹಾಸದಲ್ಲಿ ಅಡುಗೆಮನೆಯ ಪಾತ್ರವನ್ನು ಪಂಡಿತರು ಸಾಕಷ್ಟು ಗಮನಿಸಿಲ್ಲ. 1971ರ ಸುಮಾರಿಗೆ ಅಮೆರಿಕದ ಆರೆಗನ್ನಿನಲ್ಲಿ ಓಟದ ಗುರುವಾಗಿದ್ದ ಬಿಲ್ ಬವರ್‌ಮನ್ ಎಂಬಾತನು, ಹೆಂಡತಿಯ ವಾಫಲ್ ಕಾವಲಿಯ ಚೌಕುಚೌಕಾದ ಗುಳಿಗಳನ್ನು ಕಂಡು, ಅದರೊಳಗೆ ರಬ್ಬರಿನಂಥ ದ್ರವವನ್ನು ಹೊಯ್ದನು. ಸವರುವುದನ್ನು ಮರೆತದ್ದರಿಂದ ಕಾವಲಿಯು ಮುಚ್ಚಿದ್ದು ಮುಚ್ಚಿದಂತೆಯೇ ಅಂಟಿಕೊಂಡಿತೆಂದು ಹೇಳುವರು. ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಸವರದೆ ತೆಳ್ಳೇವನ್ನು ಸಹ ಹೊಯ್ಯದ ನಮ್ಮ ಹೆಂಗಸರನ್ನು ಒಂದು ಮಾತು ಕೇಳಿದ್ದರೆ ಆ ಕಾವಲಿ ಉಳಿಯುತ್ತಿತ್ತು. ಅದಿರಲಿ, ಆ ಗುಳಿಗಳು ನಮ್ಮ ತೋಟದ ಕೆಮ್ಮಣ್ಣಿನಲ್ಲಿ ನಾಲ್ಕು ಹೆಜ್ಜೆಗೆ ತುಂಬಿ, ಐದನೆಯ ಹೆಜ್ಜೆಗೆ ಕಾಲೊಂದಕ್ಕೆ ಒಂದು ಸೇರು ಸ್ಥಿರಾಸ್ತಿಯನ್ನು ಎತ್ತಿಕೊಂಡು ಬರುತ್ತವೆ. ಹಾವಸೆ ಹಿಡಿದ ಜಂಬಿಟ್ಟಿಗೆಯ ಮೆಟ್ಟಿಲಿನ ಮೇಲಂತೂ ಯಾವ ಅಟ್ಟೆಯೂ ನಿಲ್ಲದು. ಭೂಮಿಗೆಲ್ಲ ಚರ್ಮ ಹೊದಿಸುವುದು ಅಶಕ್ಯ, ಪಾದಕ್ಕೆ ಹೊದಿಸಿದರೆ ಭೂಮಿಗೇ ಹೊದಿಸಿದಂತಾಯಿತು ಎಂಬ ಅರ್ಥದ ಮಾತನ್ನು ಬೌದ್ಧಾಚಾರ್ಯ ಶಾಂತಿದೇವನು ಆಡಿರುವನಷ್ಟೆ. ಮಲೆನಾಡಿಗನು ಅದನ್ನು ತಲೆಕೆಳಗು ಮಾಡಿ, ಅಂಗಳಕ್ಕೆ ಅಡಿಕೆ ಸೋಗೆ ಹಾಸಿ, ತಾನು ಬರಿಗಾಲಿನಲ್ಲಿ ನಡೆದನು.

ಇನ್ನು ಉಂಬಳ, ಎಂದರೆ ಕಾಡಿನ ಜಿಗಣೆ. ತೀರ್ಥಹಳ್ಳಿಯ ಕಡೆ ‘ಇಂಬಳ’ ಎಂಬ ಪಾಠಾಂತರವೂ ಉಂಟು. ಕೆಳದಿಯ ಅರಸರು ಬಿಟ್ಟುಕೊಟ್ಟ ‘ಉಂಬಳಿ’ಗೂ ಇದಕ್ಕೂ ಒಂದೇ ಧಾತುವೆಂಬುದು ನನ್ನ ಮತ, ಕಂದಾಯ ಕೊಡದೆ ಉಣ್ಣುವುದು ಎರಡಕ್ಕೂ ಸಮಾನ ಲಕ್ಷಣ. 1,343 ಮೀಟರು ಎತ್ತರದ ಕೊಡಚಾದ್ರಿಯನ್ನು ಮಳೆಗಾಲದಲ್ಲಿ ಹತ್ತುವ ನಗರವಾಸಿಗಳು ಬೂಟು ಮೆಟ್ಟಿದರೆ ಉಂಬಳ ಹತ್ತದೆಂದು ಭಾವಿಸುವುದು ಭ್ರಾಂತಿ. ಬರಿಗಾಲಿನವನು ಅದನ್ನು ಕಂಡೊಡನೆ ಸುಣ್ಣವನ್ನೋ ಹೊಗೆಸೊಪ್ಪಿನ ರಸವನ್ನೋ ಮುಟ್ಟಿಸಿ ಕಳಚುವನು. ಬೂಟಿನವನಾದರೋ ಕಾಲುಚೀಲದ ಹೆಣಿಗೆಯ ಸಂದಿನಿಂದ ಒಳಹೊಕ್ಕ ಅತಿಥಿಗೆ ಬೆಚ್ಚಗಿನ ಕೊಠಡಿಯನ್ನೂ ಏಕಾಂತವನ್ನೂ ಒದಗಿಸಿಕೊಟ್ಟು, ಸಂಜೆ ಬೂಟು ಬಿಚ್ಚಿದಾಗ ಬಿಲ್ಲನ್ನು ಕಾಣುವನು. ನೇಯ್ಗೆ ಬಿಗಿಯಾದ ಬಟ್ಟೆಯ ಚೀಲವನ್ನು ಮೊಳಕಾಲಿನವರೆಗೆ ಕಟ್ಟುವುದೊಂದೇ ದಾರಿ.

ಪೋಷಣೆಯ ಅಧ್ಯಾಯದಲ್ಲಿ ವಿಧಿಗಳು ಸುಲಭ, ಪಾಲನೆ ಕಷ್ಟ. ಒದ್ದೆಯಾದ ಬೂಟಿನ ಲಾಡಿಯನ್ನೂ ಒಳಮೆತ್ತೆಯನ್ನೂ ತೆಗೆದು, ಹಳೆಯ ಪತ್ರಿಕೆಗಳನ್ನು ತುರುಕಿ, ಆಗಾಗ್ಗೆ ಕಾಗದ ಬದಲಿಸುತ್ತ ಗಾಳಿಯಲ್ಲಿ ಆರಿಸಬೇಕು; ಬೆಂಕಿಗೆ ಒಡ್ಡಿದರೆ ಅಂಟು ಬಿಡುವುದು. ಎರಡು ಜೊತೆಗಳನ್ನು ದಿನ ಬಿಟ್ಟು ದಿನ ಬಳಸುವುದು ಉತ್ತಮ. 500ರಿಂದ 800 ಕಿಲೋಮೀಟರು ಓಡಿದ ಮೇಲೆ ಮೆತ್ತೆ ಸೋತುಹೋಗುವುದು (ನನ್ನ ನಡಿಗೆಯ ಲೆಕ್ಕದಲ್ಲಿ ಇದು ಮೊಮ್ಮಕ್ಕಳ ಕಾಲಕ್ಕೆ ಸಂಬಂಧಿಸಿದ್ದು). ಆದರೆ ಗಾಳಿಯೇ ಒದ್ದೆಯಾಗಿರುವ ಆಷಾಢದಲ್ಲಿ ಆರಿಸುವುದೆಲ್ಲಿ? ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿಟ್ಟರೆ ಅಟ್ಟೆ ಬಾಯ್ದೆರೆಯುವುದು; ಇಡದಿದ್ದರೆ ಷಕಾರಾಗಮವಾಗಿ ಬೂಟು ಬೂಷ್ಟಾಗುವುದು. ಮಳೆಗೆ ಹೆದರಿ ನಾನು ನಾಲ್ಕು ವರ್ಷ ಡಬ್ಬಿಯಿಂದ ತೆಗೆಯದೆ ಕಾಪಾಡಿದ, ಬೆಲೆಯುಳ್ಳ ಜೊತೆಯೊಂದನ್ನು ಮೆಟ್ಟಿಕೊಂಡು ಕವಲೇದುರ್ಗವನ್ನು ಹತ್ತುತ್ತಿರಲು, ಎರಡನೆಯ ಬಾಗಿಲಿನ ಬಳಿ ಬಲಗಾಲಿನ ಅಟ್ಟೆಯೂ, ಅದಕ್ಕೆ ಸಹಾನುಭೂತಿಯಿಂದ ಎಡಗಾಲಿನದೂ ಹಳೆಯ ಕೊಬ್ಬರಿಮಿಠಾಯಿಯಂತೆ ಪುಡಿಯಾಗಿ ಬಿದ್ದುವು. ಪಾಲಿಯುರಿಥೇನೆಂಬ ವಸ್ತುವಿನ ಮೆತ್ತೆಯು ಗಾಳಿಯ ತೇವದಿಂದಲೇ ಒಳಗೊಳಗೆ ಸಡಿಲಗೊಳ್ಳುವುದೆಂದೂ, ಬಳಸದೆ ಇಟ್ಟರೆ ಉಳಿಯುವುದೆಂಬ ನಿಯಮ ಅದಕ್ಕಿಲ್ಲವೆಂದೂ ಆಮೇಲೆ ತಿಳಿದೆನು. ಕೆಳದಿಯವರ ಕೋಟೆಯ ಗೋಡೆ ಮಾತ್ರ ನಿಂತೇ ಇತ್ತು.

ಅನಂತರ ಕೊಂಡ ಜೊತೆಯು ಬಚ್ಚಲ ಅಟ್ಟದ ಮೇಲಿದ್ದುದನ್ನು, ಕಾರ್ತಿಕದಲ್ಲಿ ಕೊನೆಕೊಯ್ಲಿಗೆ ಬಂದ ಕೊನೆಗೌಡನು ನೋಡಿದನು.

“ಬೂಟು ಯಾವ ಕೆಲ್ಸಕ್ಕೆ ಹೆಗಡೇರೆ?”

“ನಡಿಯೋದಕ್ಕೆ ಮಾರಾಯ.”

“ಎಲ್ಲಿಗೆ?”

“ಎಲ್ಲಿಗೂ ಅಲ್ಲ, ಹೋಗಿ ವಾಪಸು ಬರೋದು.”

ಆತನು ಮತ್ತೇನೂ ಕೇಳದೆ, ಅಡಿಕೆ ಹಾಳೆಯನ್ನು ಸೀಳಿ ಹೊಸೆದ ತಳೆಯನ್ನು ಪಾದಗಳಿಗೆ ತೊಡಿಸಿಕೊಂಡು ಮರವೇರಿ, ನೆಲಕ್ಕಿಳಿಯದೆ ಮರದಿಂದ ಮರಕ್ಕೆ ತೂಗಿ ದಾಟುತ್ತ, ಮಧ್ಯಾಹ್ನದೊಳಗೆ ಅರ್ಧ ತೋಟವನ್ನು ಮುಗಿಸಿದನು. ಹಗ್ಗ ಹಿಡಿಯುವ ಆಳು ಬಾರದಿದ್ದುದರಿಂದ ಮಗನು ಹಗ್ಗ ಹಿಡಿದನು. ಉದುರಡಿಕೆಯನ್ನು ಹೆಕ್ಕುವ ರೇಣುಕೆಯ ಪಾತ್ರ ನನ್ನ ಪಾಲಿಗೆ ಬಂದು, ವೈದ್ಯರು ವಿಧಿಸಿದ್ದಕ್ಕಿಂತ ಹೆಚ್ಚೇ ನಡೆದೆನು, ಬರಿಗಾಲಿನಲ್ಲಿ. ಸೂರ್ಯನು ಅಂದು ಚೆನ್ನಾಗಿಯೇ ಕಾಯುತ್ತಿದ್ದರೂ ಏನನ್ನೂ ಕೊಡಲು ಬರಲಿಲ್ಲ. ಬೂಟುಗಳು ಈಗಲೂ ಬಚ್ಚಲ ಅಟ್ಟದ ಮೇಲಿವೆ, ನಂಬರು ಎಂಟು.